ಸಿಗರೇಟಿಗೂ ಸೂಜಿಗೂ ಒಂದೇ ಕಾಯ್ದೆ: ವೇಲ್ಸ್‌ನ ನಿಯಮಗಳು ಹೇಗೆ ಕೆಲಸ ಮಾಡುತ್ತವೆ

ವೇಲ್ಸ್‌ನ ಸಾರ್ವಜನಿಕ ಆರೋಗ್ಯ ಕಾಯ್ದೆಗೆ 2017ರ ಜುಲೈನಲ್ಲಿ ರಾಣಿಯ ಅಂಕಿತ ಬಿತ್ತು. ಅದರ ಒಂದು ಭಾಗ ಧೂಮಪಾನದ ಬಗ್ಗೆ. ಇನ್ನೊಂದು ಭಾಗ ದೇಹಕ್ಕೆ ಆಭರಣ ಚುಚ್ಚುವುದು, ಹಚ್ಚೆ, ಅಕ್ಯುಪಂಕ್ಚರ್ ಮತ್ತು ಎಲೆಕ್ಟ್ರಾಲಿಸಿಸ್ (ವಿದ್ಯುತ್ತಿನಿಂದ ಕೂದಲು ತೆಗೆಯುವುದು) ಎಂಬ ನಾಲ್ಕು ಕೆಲಸಗಳ ಬಗ್ಗೆ. ಮೂರನೆಯದು ಹದಿನೆಂಟು ತುಂಬದವರ ಗುಪ್ತಾಂಗಗಳಿಗೆ ಚುಚ್ಚುವುದನ್ನು ನಿಷೇಧಿಸುತ್ತದೆ. ಹೊಗೆಗೂ ಸೂಜಿಗೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದು ಸಹಜ. ಆಟದ ಮೈದಾನದಲ್ಲಿ ಜಾರುಬಂಡೆ ಏರುತ್ತಿರುವ ಮಗು ಪಕ್ಕದವರ ಹೊಗೆಯನ್ನು ತಾನಾಗಿ ಆರಿಸಿಕೊಂಡಿಲ್ಲ. ಕುರ್ಚಿಯಲ್ಲಿ ಕೂತ ಗ್ರಾಹಕನಿಗೆ ತನ್ನ ಚರ್ಮದೊಳಗೆ ಹೋಗುವ ಉಪಕರಣ ಎಷ್ಟು ಶಾಖದಲ್ಲಿ ಎಷ್ಟು ನಿಮಿಷ ಇತ್ತೆಂದು ನೋಡುವ ದಾರಿಯೇ ಇಲ್ಲ. ಅಪಾಯಕ್ಕೆ ಒಳಗಾಗುವವರ ಕೈಯಲ್ಲಿ ಅದನ್ನು ತಡೆಯುವ ಶಕ್ತಿ ಇಲ್ಲದಿರುವಾಗ ಸರ್ಕಾರದ ಬುದ್ಧಿವಾದ ಸಾಲದು. ಅಳೆಯಬಹುದಾದ, ಬಂದು ಪರೀಕ್ಷಿಸಬಹುದಾದ ನಿಯಮ ಬೇಕು. ಈ ಕಾಯ್ದೆಯನ್ನು ತೂಗಿ ನೋಡಬೇಕಾದದ್ದು ಅದೇ ಅಳತೆಯಿಂದ.

ಮೊದಲು ಹೊಗೆಯ ವಿಚಾರ. ವೇಲ್ಸ್‌ನಲ್ಲಿ ಮುಚ್ಚಿದ ಸಾರ್ವಜನಿಕ ಜಾಗಗಳಲ್ಲಿ ಸೇದುವುದು 2007ರ ಏಪ್ರಿಲ್ 2ರಿಂದಲೇ ನಿಂತಿತ್ತು. ಇಂಗ್ಲೆಂಡ್ ಅದೇ ವರ್ಷ ಜುಲೈನಲ್ಲಿ ಹಿಂಬಾಲಿಸಿತು. ಹೊಸ ಕಾಯ್ದೆ ಗೋಡೆಯ ಆಚೆಗೂ ಕಾಲಿಟ್ಟಿತು. 2021ರ ಮಾರ್ಚ್ 1ರಿಂದ ಆಸ್ಪತ್ರೆಯ ಆವರಣ, ಶಾಲೆಯ ಆವರಣ, ಸಾರ್ವಜನಿಕ ಮಕ್ಕಳ ಆಟದ ಮೈದಾನ ಮತ್ತು ಶಿಶುಪಾಲನೆ ನಡೆಯುವ ಹೊರಜಾಗಗಳು ಹೊಗೆಮುಕ್ತ. ಸೇದಿದವರಿಗೆ 100 ಪೌಂಡ್ ದಂಡ.

ಇಂಥ ನಿಯಮ ಸೋಲುವುದು ಹೆಚ್ಚಾಗಿ ಗಡಿಯ ವಿಷಯದಲ್ಲಿ. ಮೈದಾನ ಎಲ್ಲಿ ಶುರು, ಎಲ್ಲಿ ಮುಗಿಯಿತು? ಬೇಲಿ ಇದ್ದರೆ ಬೇಲಿಯೇ ಗಡಿ. ಬೇಲಿಯೇ ಇಲ್ಲದ ಉದ್ಯಾನದಲ್ಲಿ? ಅಲ್ಲಿ ಆಟದ ಯಾವುದೇ ಸಲಕರಣೆಯಿಂದ 5 ಮೀಟರ್ ಎಂದು ಕಾಯ್ದೆ ಬರೆದಿಟ್ಟಿದೆ. ನೋಡಲು ಸಣ್ಣ ಸಾಲು, ಆದರೆ ಜಾರಿ ಮಾಡುವ ಅಧಿಕಾರಿಗೆ ಬಲ ಕೊಡುವುದು ಇಂಥ ಸಾಲೇ. ‘ಮಕ್ಕಳ ಹತ್ತಿರ ಸೇದಬೇಡಿ’ ಎಂದಷ್ಟೇ ಬರೆದಿದ್ದರೆ ಪ್ರತಿಯೊಂದು ದಂಡವೂ ವಾದಕ್ಕೆ ನಿಲ್ಲುತ್ತಿತ್ತು. ಆಸ್ಪತ್ರೆಗೆ ಬೇರೆ ಲೆಕ್ಕ: ಆವರಣದೊಳಗೆ ಸೇದಲು ಒಂದು ಜಾಗ ಗುರುತಿಸುವ ಅಧಿಕಾರವನ್ನು ಉಸ್ತುವಾರಿ ಹೊತ್ತವರಿಗೆ ಕೊಡಲಾಗಿದೆ. ಇದು ದೌರ್ಬಲ್ಯವೆಂದು ಕೆಲವರು ದೂರುತ್ತಾರೆ. ಆದರೆ ನಡೆಯಲಾಗದ ರೋಗಿ, ಆಘಾತದಲ್ಲಿರುವ ಸಂಬಂಧಿಕ ಎಲ್ಲಾದರೂ ಸೇದಿಯೇ ಸೇದುತ್ತಾರೆ. ಗುರುತಿಸಿದ ಜಾಗ ಇಲ್ಲದಿದ್ದರೆ ಅದು ಮುಖ್ಯ ಬಾಗಿಲ ಬಳಿಯೇ ಆಗುತ್ತದೆ, ಹೊಗೆ ನೇರ ಒಳಗೆ ಬರುತ್ತದೆ. ಜಾಗ ಗುರುತಿಸುವುದಾದರೆ ಬಾಗಿಲು, ಕಿಟಕಿ ಮತ್ತು ಗಾಳಿ ಎಳೆದುಕೊಳ್ಳುವ ಕಿಂಡಿಗಳಿಂದ ದೂರ ಇರಬೇಕು. ಈ ಕೊನೆಯದನ್ನು ಮರೆಯುವವರೇ ಹೆಚ್ಚು. ಮಾನಸಿಕ ಆರೋಗ್ಯ ಘಟಕಗಳೊಳಗಿನ ಧೂಮಪಾನ ಕೋಣೆಗಳಿಗೆ ಮಾತ್ರ 2022ರ ಸೆಪ್ಟೆಂಬರ್‌ವರೆಗೆ ಸಮಯ ಕೊಟ್ಟಿದ್ದರು. ಅಲ್ಲಿ ನಿಕೋಟಿನ್ ಪ್ಯಾಚ್, ಗಮ್, ಸಿಬ್ಬಂದಿ ತರಬೇತಿ ಮೊದಲು ಸಿದ್ಧವಾಗಬೇಕು. ಕೆಲವು ಮನೋರೋಗದ ಔಷಧಿಗಳ, ಮುಖ್ಯವಾಗಿ ಕ್ಲೋಜಪಿನ್‌ನ, ರಕ್ತದ ಮಟ್ಟವು ಸಿಗರೇಟು ಬಿಟ್ಟ ಕೆಲವೇ ದಿನಗಳಲ್ಲಿ ಏರುತ್ತದೆ. ಹೊಗೆಯಲ್ಲಿನ ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿರುತ್ತವೆ, ಸೇದುವುದು ನಿಂತೊಡನೆ ಅದು ಮಂದವಾಗುತ್ತದೆ. ಆಗ ಮಾತ್ರೆಯ ಪ್ರಮಾಣ ಇಳಿಸದಿದ್ದರೆ ರೋಗಿ ವಿಷಪ್ರಭಾವಕ್ಕೆ ಸಿಕ್ಕಬಹುದು. ಆ ಗಡುವು ವಿಳಂಬನೀತಿ ಆಗಿರಲಿಲ್ಲ.

ಬಯಲಿನಲ್ಲಿ ಹೊಗೆ ಬೇಗ ಚದುರುತ್ತದೆ ಎಂಬ ಆಕ್ಷೇಪ ನಿಜವೇ. ಹೊರಾಂಗಣ ನಿಷೇಧದ ದೊಡ್ಡ ಲಾಭ ಶ್ವಾಸಕೋಶದ ಲೆಕ್ಕದಲ್ಲಿ ಮಾತ್ರ ಸಿಗುವುದಿಲ್ಲ; ಸೇದುವುದು ದೊಡ್ಡವರ ದಿನನಿತ್ಯದ ಕೆಲಸ ಎಂಬ ಭಾವನೆ ಮಗುವಿನ ಮನಸ್ಸಿನಲ್ಲಿ ಕೂರದಂತೆ ತಡೆಯುವುದರಲ್ಲಿದೆ. ಇದನ್ನು ಸರ್ಕಾರಗಳು ನೇರವಾಗಿ ಹೇಳುವುದು ಒಳ್ಳೆಯದು. ಇ-ಸಿಗರೇಟಿನ ವಿಷಯದಲ್ಲಿ ವೇಲ್ಸ್ ಎಡವಿದ್ದೂ ಇಲ್ಲೇ. ಮಸೂದೆಯ ಮೊದಲ ರೂಪದಲ್ಲಿ ಕೆಲವು ಸಾರ್ವಜನಿಕ ಜಾಗಗಳಲ್ಲಿ ಅದನ್ನೂ ನಿರ್ಬಂಧಿಸುವ ಪ್ರಸ್ತಾಪವಿತ್ತು. 2016ರ ಮಾರ್ಚ್‌ನಲ್ಲಿ ಮತಗಳು ಸಮನಾಗಿ ಬಿದ್ದು ಇಡೀ ಮಸೂದೆ ಬಿದ್ದುಹೋಯಿತು, ಚುಚ್ಚುವಿಕೆಯ ನಿಯಮಗಳೂ ಅದರ ಜೊತೆಗೇ ಹೋದವು. ಆ ಭಾಗವನ್ನು ಕೈಬಿಟ್ಟ ಮೇಲಷ್ಟೇ ಕಾಯ್ದೆ ಮತ್ತೆ ಬಂದದ್ದು.

ಇನ್ನು ಸೂಜಿ. 1982ರ ಹಳೆಯ ಕಾಯ್ದೆಯ ಪ್ರಕಾರ ಚುಚ್ಚುವವರು ಸ್ಥಳೀಯ ಕೌನ್ಸಿಲ್‌ನಲ್ಲಿ ಒಮ್ಮೆ ನೋಂದಾಯಿಸಿಕೊಂಡರೆ ಮುಗಿಯಿತು. ತರಬೇತಿ ಕೇಳುವಂತಿರಲಿಲ್ಲ, ಅವಧಿ ಮುಗಿಯುವ ಮಾತೂ ಇರಲಿಲ್ಲ. ಇದು ಸಾಲದೆಂದು ಎಲ್ಲರಿಗೂ ಮನವರಿಕೆಯಾದದ್ದು 2015ರಲ್ಲಿ. ನ್ಯೂಪೋರ್ಟ್ ನಗರದ ಒಂದು ಅಂಗಡಿಯಲ್ಲಿ ಚುಚ್ಚಿಸಿಕೊಂಡ ಹಲವರಿಗೆ ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿತು. ಅಲ್ಲಿನ ಗ್ರಾಹಕರನ್ನು ಕರೆದು ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಪರೀಕ್ಷೆ ಮಾಡಿಸಬೇಕಾಯಿತು. 2024ರ ನವೆಂಬರ್ 29ರಿಂದ ವ್ಯವಸ್ಥೆ ಬದಲಾಗಿದೆ. ಚುಚ್ಚುವ ವ್ಯಕ್ತಿಗೆ ಮೂರು ವರ್ಷದ ಪರವಾನಗಿ, ಕೆಲಸ ನಡೆಯುವ ಜಾಗಕ್ಕೆ ಪ್ರತ್ಯೇಕ ಅನುಮೋದನೆ, ಸೋಂಕು ತಡೆಯ ಬಗ್ಗೆ ಮಾನ್ಯತೆ ಪಡೆದ ತರಬೇತಿ, ಎಲ್ಲವೂ ಕಡ್ಡಾಯ. ಮೇಳ, ಸಮ್ಮೇಳನಗಳಿಗೆ ಏಳು ದಿನದ ತಾತ್ಕಾಲಿಕ ಪರವಾನಗಿ ಇದೆ. ಅಮಲಿನಲ್ಲಿರುವವರಿಗೆ ಚುಚ್ಚುವಂತಿಲ್ಲ.

ಪರವಾನಗಿಯ ಕಾಗದ ಗೋಡೆಯ ಮೇಲಿದ್ದರೆ ಸೂಜಿ ಶುದ್ಧವಾಗುವುದಿಲ್ಲ. ಪರಿಶೀಲನೆಗೆ ಹೋದವರು ಕೊಳೆಯಿಂದ ಶುದ್ಧದ ಕಡೆಗೆ ಒಂದೇ ದಿಕ್ಕಿನಲ್ಲಿ ಸಾಗುವ ದಾರಿಯನ್ನು ಹುಡುಕಬೇಕು. ಬಳಸಿದ ಇಕ್ಕಳವನ್ನು ಮೊದಲು ತೊಳೆಯಬೇಕು, ಅದೂ ಕುದಿನೀರಿನಲ್ಲಿ ಅಲ್ಲ. ಬಿಸಿ ತಾಗಿದರೆ ರಕ್ತದ ಪ್ರೋಟೀನ್ ಲೋಹಕ್ಕೆ ಅಂಟಿ ಗಟ್ಟಿಯಾಗುತ್ತದೆ. ಆಮೇಲೆ ಶಬ್ದದ ಅಲೆಗಳಿಂದ ಕೊಳೆ ಬಿಡಿಸುವ, ಮುಚ್ಚಳ ಹಾಕಿದ ಅಲ್ಟ್ರಾಸಾನಿಕ್ ತೊಟ್ಟಿ, ತೊಳೆತ, ಭೂತಗನ್ನಡಿಯಲ್ಲಿ ನೋಡುವುದು, ಕೊನೆಗೆ ಒತ್ತಡದ ಹಬೆಯಿಂದ ಸೂಕ್ಷ್ಮಾಣು ಕೊಲ್ಲುವ ಯಂತ್ರವಾದ ಆಟೋಕ್ಲೇವ್. ಅಲ್ಲಿ 134 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 3 ನಿಮಿಷ, ಇಲ್ಲವೇ 121 ಡಿಗ್ರಿಯಲ್ಲಿ 15 ನಿಮಿಷ. ಈ ನಿಮಿಷಗಳ ಲೆಕ್ಕ ಶುರುವಾಗುವುದು ಒಳಗಿನ ಶಾಖ ಆ ಮಟ್ಟ ಮುಟ್ಟಿದ ಮೇಲೆ, ಗುಂಡಿ ಒತ್ತಿದ ಕ್ಷಣದಿಂದಲ್ಲ.

ಹೆಚ್ಚು ಕಾಣುವ ತಪ್ಪು ಯಂತ್ರದ ಆಯ್ಕೆಯದು. ಗಾಳಿಯನ್ನು ಪಂಪಿನಿಂದ ಹೊರಗೆಳೆಯದ ಸಾಧಾರಣ ಆಟೋಕ್ಲೇವ್, ಹೊದಿಕೆಯಿಲ್ಲದ ಗಟ್ಟಿ ಉಪಕರಣಗಳಿಗೆ ಮಾತ್ರ ಸರಿ. ಅದರೊಳಗೆ ಪೊಟ್ಟಣ ಕಟ್ಟಿದ ಇಕ್ಕಳವನ್ನೋ ಟೊಳ್ಳಾದ ಕೊಳವೆಯನ್ನೋ ಇಟ್ಟರೆ ಒಳಗೆ ಸಿಕ್ಕಿಬಿದ್ದ ಗಾಳಿ ಹಬೆಯನ್ನು ತಡೆಯುತ್ತದೆ. ಮೀಟರ್ 134 ತೋರಿಸುತ್ತಿರುತ್ತದೆ, ಕೊಳವೆಯ ಒಳಗೆ ಬ್ಯಾಕ್ಟೀರಿಯಾ ಬದುಕಿರುತ್ತದೆ. ಪೊಟ್ಟಣ ಕಟ್ಟಿದ ಮತ್ತು ಟೊಳ್ಳಾದ ವಸ್ತುಗಳಿಗೆ ನಿರ್ವಾತ ಪಂಪಿರುವ ಬಿ ಮಾದರಿಯ ಯಂತ್ರವೇ ಬೇಕು. ಪೊಟ್ಟಣಗಳನ್ನು ಒಂದರ ಮೇಲೊಂದು ತುರುಕಬಾರದು. ಒದ್ದೆಯಾಗಿ ಹೊರಬಂದದ್ದನ್ನು ಮತ್ತೆ ಮೊದಲಿನಿಂದ ಮಾಡಬೇಕು, ತೇವವಾದ ಕಾಗದದ ಮೂಲಕ ಸೂಕ್ಷ್ಮಾಣು ಒಳಗೆ ಇಳಿಯುತ್ತದೆ. ಪೊಟ್ಟಣದ ಮೇಲೆ ಬಣ್ಣ ಬದಲಾದ ಪಟ್ಟಿ ‘ಇದು ಯಂತ್ರದೊಳಗೆ ಹೋಗಿ ಬಂದಿದೆ’ ಎಂಬುದಕ್ಕಷ್ಟೇ ಸಾಕ್ಷಿ. ಕೆಲಸ ಆಗಿದೆಯೋ ಎಂದು ತಿಳಿಯಲು ಪ್ರತಿ ಸುತ್ತಿನ ಶಾಖ, ಒತ್ತಡ, ಸಮಯದ ದಾಖಲೆ ಬೇಕು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಏಳು ದಿನದವರೆಗೆ ಬದುಕಬಲ್ಲದು ಎಂಬುದನ್ನು ನೆನೆದರೆ ಈ ಹಟ ಅತಿ ಎನಿಸುವುದಿಲ್ಲ. ಸೂಜಿಯ ಮಾತು ಬೇರೆ: ಅದು ಒಬ್ಬರಿಗೆ ಒಂದೇ ಸಲ, ಆಮೇಲೆ ನೇರ ಚೂಪು ತ್ಯಾಜ್ಯದ ಹಳದಿ ಡಬ್ಬಿಗೆ. ಡಬ್ಬಿ ಮುಕ್ಕಾಲು ತುಂಬಿದಾಗ ಮುಚ್ಚಬೇಕು.

ಕಿವಿ ಚುಚ್ಚುವ ಗನ್ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಕಿವಿಹಾಲೆಯ ಆಚೆಗೆ ಅದನ್ನು ತರಲೇಬಾರದು. ಟೊಳ್ಳು ಸೂಜಿ ಅಂಗಾಂಶವನ್ನು ಕತ್ತರಿಸಿ ದಾರಿ ಮಾಡುತ್ತದೆ. ಗನ್ ಮೊಂಡು ತುದಿಯ ಓಲೆಯನ್ನು ಬಲವಂತವಾಗಿ ನೂಕುತ್ತದೆ. ಕಿವಿಯ ಮೇಲ್ಭಾಗಕ್ಕೆ ಆಕಾರ ಕೊಡುವ ಬಾಗುವ, ಮೆತ್ತನೆಯ ಎಲುಬಿನಂಥ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ, ಅದರ ಮೇಲಿನ ತೆಳು ಪೊರೆಯಿಂದಲೇ ಪೋಷಣೆ. ಹೊಡೆತಕ್ಕೆ ಪೊರೆ ಕಿತ್ತು ಬಂದು ನಡುವೆ ಕೀವು ತುಂಬಿದರೆ ಮೃದ್ವಸ್ಥಿ ಸಾಯುತ್ತದೆ, ಕಿವಿಯ ಆಕಾರ ಶಾಶ್ವತವಾಗಿ ಕುಸಿಯುತ್ತದೆ. ಪ್ಲಾಸ್ಟಿಕ್ ಗನ್‌ಗಳು ಆಟೋಕ್ಲೇವ್‌ನ ಶಾಖವನ್ನು ತಾಳುವುದೂ ಇಲ್ಲ.

ಆಭರಣದ ಲೋಹಕ್ಕೂ ಅಳತೆಯಿದೆ. ಹೊಸ ಗಾಯದಲ್ಲಿ ಹಾಕುವ ಆಭರಣದಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಮ್‌ಗಿಂತ ಹೆಚ್ಚು ನಿಕ್ಕಲ್ ಹೊರಬರಬಾರದು ಎಂಬುದು ಯುರೋಪಿನ ಮಿತಿ. ನಿಕ್ಕಲ್ ಅಲರ್ಜಿ ಒಮ್ಮೆ ಹತ್ತಿದರೆ ಜೀವನಪೂರ್ತಿ. ದೇಹದೊಳಗೆ ಅಳವಡಿಸಲು ತಕ್ಕ ದರ್ಜೆಯ ಟೈಟಾನಿಯಂ ಎಲ್ಲಕ್ಕಿಂತ ನಿಶ್ಚಿಂತೆ.

ಗುಪ್ತಾಂಗ ಚುಚ್ಚುವಿಕೆಯ ನಿಷೇಧ 2018ರ ಫೆಬ್ರವರಿ 1ರಂದೇ ಜಾರಿಯಾಯಿತು. ತಂದೆತಾಯಿ ಒಪ್ಪಿದರೂ ಚುಚ್ಚುವಂತಿಲ್ಲ, ಮುಂಗಡ ಗೊತ್ತುಮಾಡಿಕೊಳ್ಳುವುದೂ ಅಪರಾಧ. ಪಟ್ಟಿಯಲ್ಲಿ ಜನನಾಂಗ, ಸ್ತನ, ಪೃಷ್ಠದ ಜೊತೆ ನಾಲಿಗೆಯೂ ಇದೆ. ನಾಲಿಗೆಯನ್ನು ಸೇರಿಸಿದ್ದಕ್ಕೆ ಹಲವರು ಅಚ್ಚರಿಪಟ್ಟರು, ಆದರೆ ವೈದ್ಯಕೀಯವಾಗಿ ಅದು ಸರಿಯಾದ ನಿರ್ಧಾರ. ಚುಚ್ಚಿದ ಮೊದಲ ಕೆಲವು ದಿನ ನಾಲಿಗೆ ಊದುತ್ತದೆ. ಆದ್ದರಿಂದ ಆರಂಭದಲ್ಲಿ ಉದ್ದದ ಕಂಬಿ ಹಾಕಿ, ಊತ ಇಳಿದ ಮೇಲೆ, ಸುಮಾರು ಎರಡರಿಂದ ನಾಲ್ಕು ವಾರಕ್ಕೆ, ಗಿಡ್ಡದ್ದಕ್ಕೆ ಬದಲಿಸಬೇಕು. ಈ ಬದಲಾವಣೆಗೆ ಬಾರದವರೇ ಮುಂದೆ ಹಲ್ಲಿನ ಚೂರು ಕಳೆದುಕೊಂಡು, ಕೆಳದವಡೆಯ ಒಸಡು ಜಾರಿಸಿಕೊಂಡು ದಂತವೈದ್ಯರ ಬಳಿ ಬರುವುದು. ಸೋಂಕು ನಾಲಿಗೆಯ ಬುಡಕ್ಕೆ ಇಳಿದರೆ ಉಸಿರಿನ ದಾರಿಯೇ ಮುಚ್ಚಬಹುದು.

ಸಿಗರೇಟು ಮತ್ತು ಸೂಜಿ ನಿಜವಾಗಿ ಭೇಟಿಯಾಗುವುದು ಗಾಯದಲ್ಲಿ. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಸೂಕ್ಷ್ಮಾಣು ಕೊಲ್ಲುವ ಬಿಳಿ ರಕ್ತಕಣಗಳಿಗೆ ಆ ಆಮ್ಲಜನಕ ಬೇಕೇ ಬೇಕು. ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಮೊದಲೇ ಸಿಗರೇಟು ಬಿಟ್ಟವರಲ್ಲಿ ಗಾಯದ ಸೋಂಕು ಕಡಿಮೆ ಎಂಬುದು ಸ್ಥಾಪಿತ ಸಂಗತಿ. ಕಿವಿಯ ಮೇಲ್ಭಾಗದಂಥ ಮೊದಲೇ ರಕ್ತ ಕಡಿಮೆ ಹರಿಯುವ ಜಾಗಕ್ಕೆ ಈ ಮಾತನ್ನು ಅನ್ವಯಿಸದಿರಲು ಕಾರಣ ಕಾಣುವುದಿಲ್ಲ. ಆದರೂ ಚುಚ್ಚುವ ಮೊದಲು ತುಂಬಿಸುವ ಆರೋಗ್ಯ ಪ್ರಶ್ನಾವಳಿಯಲ್ಲಿ ಮಧುಮೇಹ, ಹೃದಯದ ಕವಾಟದ ತೊಂದರೆ, ರಕ್ತ ತೆಳುಮಾಡುವ ಮಾತ್ರೆ ಇವುಗಳ ಪಕ್ಕದಲ್ಲಿ ಸಿಗರೇಟಿನ ಪ್ರಶ್ನೆಗೆ ಜಾಗ ಸಿಗುವುದು ಕಡಿಮೆ. ಒಂದೇ ಕಾಯ್ದೆಯ ಎರಡು ಭಾಗಗಳನ್ನು ಜೋಡಿಸಲು ಆ ಒಂದು ಸಾಲು ಸಾಕು. ಸೇದುವವರಿಗೆ ಬಿಡಿಸುವ ಸೇವೆಯ ವಿವರವನ್ನು ಆರೈಕೆಯ ಚೀಟಿಯಲ್ಲೇ ಅಚ್ಚು ಹಾಕಿ ಕೊಡಬಹುದು.

ಆರೈಕೆ ಸರಳ. ದಿನಕ್ಕೆ ಎರಡು ಸಲ ಕೈ ತೊಳೆದು 0.9 ಶೇಕಡಾ ಉಪ್ಪಿನ ಶುದ್ಧ ದ್ರಾವಣದಿಂದ ತೊಳೆದು ಒಣಗಿಸಬೇಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸ ಚರ್ಮವನ್ನೇ ಸುಡುತ್ತವೆ. ಆಭರಣವನ್ನು ತಿರುಗಿಸಬಾರದು, ಒಣಗಿದ ಹಕ್ಕಳೆ ಒಳಗೆ ಎಳೆದು ಗೀರುತ್ತದೆ. ಕಿವಿಹಾಲೆ ಆರರಿಂದ ಎಂಟು ವಾರದಲ್ಲಿ ಮಾಯುತ್ತದೆ, ಮೃದ್ವಸ್ಥಿಗೆ ಹಲವು ತಿಂಗಳು, ಹೊಕ್ಕುಳಿಗೆ ಒಂದು ವರ್ಷದವರೆಗೂ ಬೇಕಾಗಬಹುದು. ಹೊರಗೆ ಮಾದಂತೆ ಕಂಡರೂ ಒಳಗಿನ ದಾರಿ ಹಸಿಯಾಗಿಯೇ ಇರುತ್ತದೆ, ಆ ಹೊತ್ತಿನಲ್ಲಿ ಓಲೆ ಬದಲಿಸುವುದರಿಂದಲೇ ಎಷ್ಟೋ ಸೋಂಕುಗಳು ಶುರುವಾಗುತ್ತವೆ.

ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಹಸಿರು ಮಿಶ್ರಿತ ಕೀವು ಬಂದರೆ, ಜ್ವರ ಕಾಣಿಸಿದರೆ ಅಂದೇ ವೈದ್ಯರನ್ನು ನೋಡಬೇಕು. ಆಭರಣವನ್ನು ತಾವಾಗಿ ಕಿತ್ತು ಹಾಕಬಾರದು. ರಂಧ್ರ ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದು. ಚುಚ್ಚಿದ್ದು ಕಿವಿಯ ಮೃದ್ವಸ್ಥಿಗೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಚರ್ಮದ ಸೋಂಕಿಗೆ ಸಾಮಾನ್ಯವಾಗಿ ಬರೆಯುವ ಫ್ಲೂಕ್ಲಾಕ್ಸಾಸಿಲಿನ್‌ಗೆ ಸ್ಯೂಡೋಮೋನಾಸ್ ಬಗ್ಗುವುದಿಲ್ಲ, ಸಿಪ್ರೊಫ್ಲಾಕ್ಸಾಸಿನ್‌ನಂಥದ್ದು ಬೇಕಾಗುತ್ತದೆ. ಔಷಧಿ ಶುರು ಮಾಡುವ ಮೊದಲು ಕೀವಿನ ಮಾದರಿ ತೆಗೆಸಿಕೊಳ್ಳಿ. ಎಲ್ಲಿ, ಯಾವ ದಿನ, ಯಾರು ಚುಚ್ಚಿದರು ಎಂಬುದನ್ನು ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗಕ್ಕೂ ತಿಳಿಸಿ. ಅದೇ ವಾರ ಅದೇ ಕುರ್ಚಿಯಲ್ಲಿ ಕೂತ ಉಳಿದವರನ್ನು ಹುಡುಕಲು ಅವರಿಗೆ ಆ ಮೂರು ಮಾಹಿತಿ ಬೇಕು.