ಡೇಟಾ ಸೆಂಟರ್ ಬಂದರೆ ಊರಿಗೇನು ಸಿಗುತ್ತದೆ?

ಊರ ಪಕ್ಕ ಡೇಟಾ ಸೆಂಟರ್ ಬರುತ್ತದಂತೆ ಎಂದರೆ ಎಲ್ಲರೂ ಮೊದಲು ಕೇಳುವುದು, ‘ಎಷ್ಟು ಜನಕ್ಕೆ ಕೆಲಸ ಸಿಗುತ್ತೆ?’ ಐಟಿ ಪಾರ್ಕ್‌ಗಳನ್ನು ಕಂಡಿರುವ ಬೆಂಗಳೂರಿನವರು ಹಾಗೆ ಕೇಳುವುದು ಸಹಜ. ಆದರೆ ಇದು ಸಾವಿರಾರು ಜನ ಕೂತು ದುಡಿಯುವ ಜಾಗವಲ್ಲ; ನಮ್ಮ ಇಂಟರ್‌ನೆಟ್ ಮಾಹಿತಿಯನ್ನು ಇಟ್ಟು ನಡೆಸುವ ಸರ್ವರ್‌ಗಳೆಂಬ ಕಂಪ್ಯೂಟರ್‌ಗಳು ಸಾಲಾಗಿ ತುಂಬಿರುವ ಕಟ್ಟಡ. ಕಟ್ಟುವಾಗ ಗಾರೆಯವರು, ವೆಲ್ಡರ್‌ಗಳು, ಎಲೆಕ್ಟ್ರಿಷಿಯನ್‌ಗಳು ತುಂಬಿರುತ್ತಾರೆ. ಕಟ್ಟಿ ಮುಗಿದ ಮೇಲೆ ಉಳಿಯುವುದು ಒಂದು ಸಣ್ಣ ತಂಡ ಮಾತ್ರ. ನಾವು ಕೇಳಬೇಕಾದದ್ದು ನೀರು ಎಲ್ಲಿಯದು, ತೆರಿಗೆ ಯಾರಿಗೆ ಎಂದು.

ಸರ್ವರ್‌ಗೆ ಹೋದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಶಾಖವಾಗುತ್ತದೆ. ಅದನ್ನು ಹೊರಹಾಕಲು ಅನೇಕ ಕಡೆ ಕೂಲಿಂಗ್ ಟವರ್‌ ಇರುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ತತ್ತ್ವವೇ ಇಲ್ಲಿಯದೂ: ಆವಿಯಾಗುವ ನೀರು ಶಾಖವನ್ನು ಹೊತ್ತೊಯ್ಯುತ್ತದೆ. ಒಂದು ಲೀಟರ್ ಆವಿಯಾಗಲು ಸುಮಾರು 2.4 ಮೆಗಾಜೌಲ್ ಬೇಕು. ಒಂದು ಯೂನಿಟ್ ವಿದ್ಯುತ್ತೆಂದರೆ 3.6 ಮೆಗಾಜೌಲ್. ಭಾಗಿಸಿದರೆ ಯೂನಿಟ್‌ಗೆ ಒಂದೂವರೆ ಲೀಟರ್. 10 ಮೆಗಾವಾಟ್ ಶಾಖವನ್ನೆಲ್ಲ (ದಿನಕ್ಕೆ 2.4 ಲಕ್ಷ ಯೂನಿಟ್) ಹೀಗೇ ಕಳೆಯುವುದಾದರೆ ದಿನಕ್ಕೆ 3.6 ಲಕ್ಷ ಲೀಟರ್, ಅಂದರೆ 12,000 ಲೀಟರಿನ 30 ಟ್ಯಾಂಕರ್!

ಮನೆಯಲ್ಲಿ ಬಳಸಿದ ನೀರಾದರೂ ಬಹುಪಾಲು ಒಳಚರಂಡಿಗೆ ಹೋಗುತ್ತದೆ. ಬೆಂಗಳೂರಿನ ಅಂಥ ನೀರೇ ಸಂಸ್ಕರಣೆಯಾಗಿ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆವಿಯಾಗಿ ಹೋದದ್ದನ್ನು ಹಾಗೆ ಹಿಡಿಯಲಾಗದು. ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ಮೇಲಕ್ಕೇರಿಸಿಕೊಳ್ಳುವ ನಗರವಿದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು. ಕುಡಿಯುವ ನೀರನ್ನು ಕೂಲಿಂಗ್ ಟವರ್‌ಗೆ ಸುರಿಯುವುದು ಇಲ್ಲಿ ಅನ್ಯಾಯ. ಸಂಸ್ಕರಿಸಿದ ನೀರು ಧಾರಾಳವಾಗಿ ಸಾಕು. ಗಾಳಿಯಿಂದಲೇ ತಂಪು ಮಾಡುವ ವ್ಯವಸ್ಥೆಯೂ ಇದೆ, ಅದಕ್ಕೆ ಕರೆಂಟು ಸಾಮಾನ್ಯವಾಗಿ ಹೆಚ್ಚು ಬೇಕು.

ಇನ್ನು ತೆರಿಗೆ. ದೊಡ್ಡ ಉದ್ಯಮದಿಂದ ಬರುವ ಹಣ ಯಾರ ಕೈ ಸೇರುತ್ತದೆ ಎಂಬುದು ಹಳೆಯ ಪ್ರಶ್ನೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಗಣಿ ಬ್ರಿಟಿಷ್ ಕಂಪನಿಯದಾದರೂ ವಿದ್ಯುತ್ ಕೇಂದ್ರ ಮೈಸೂರು ಸರ್ಕಾರದ್ದು, ಹಾಗಾಗಿ ಕರೆಂಟು ಮಾರಿದ ಹಣ ಸಂಸ್ಥಾನದ ಬೊಕ್ಕಸಕ್ಕೇ ಬಂತು. ಇಂದು ಅಮೆರಿಕದ ವರ್ಜೀನಿಯಾದ ಲೌಡನ್ ಕೌಂಟಿ (ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ) ಡೇಟಾ ಸೆಂಟರ್‌ನ ಕಟ್ಟಡದ ಜೊತೆಗೆ ಒಳಗಿರುವ ಕಂಪ್ಯೂಟರ್‌ಗಳ ಮೇಲೂ ವರ್ಷ ವರ್ಷ ತೆರಿಗೆ ಹಾಕುತ್ತದೆ. ಅಲ್ಲಿನ ಶಾಲೆಗಳಿಗೆ ಆ ಹಣ ದೊಡ್ಡ ಆಸರೆ. ನಮ್ಮ ಗ್ರಾಮ ಪಂಚಾಯಿತಿಗೆ ಸಿಗುವುದು ಮುಖ್ಯವಾಗಿ ಜಾಗ ಮತ್ತು ಕಟ್ಟಡದ ಕಂದಾಯ. ಕೋಟಿಗಟ್ಟಲೆ ಬೆಲೆಯ ಸರ್ವರ್‌ಗಳ ಮೇಲಿನ ಜಿಎಸ್‌ಟಿ ಹೋಗುವುದು ರಾಜ್ಯಕ್ಕೆ, ಕೇಂದ್ರಕ್ಕೆ. ಸಾಲದ್ದಕ್ಕೆ ರಾಜ್ಯದ 2022ರ ಡೇಟಾ ಸೆಂಟರ್ ನೀತಿಯಲ್ಲಿ ಹೂಡಿಕೆದಾರರಿಗೆ ರಿಯಾಯಿತಿಗಳೂ ಇವೆ. ಆ ರಿಯಾಯಿತಿ ಮಂಜೂರಾಗುವ ಹೊತ್ತಿಗೇ ಸಂಸ್ಕರಿಸಿದ ನೀರಿನ ಷರತ್ತು, ತಿಂಗಳ ಬಳಕೆಯ ಲೆಕ್ಕ, ಪಂಚಾಯಿತಿಯ ಪಾಲು ಈ ಮೂರೂ ಕಾಗದದ ಮೇಲೆ ಬರಬೇಕು.