ಗೇರ್ ಹಲ್ಲಿನ ಒಳಗೆ ಒಂದು ಮೈಕ್ರಾನ್

ಗೇರಿನ ಹಲ್ಲಿಗೆ ಸವೆಯದ ಮೈ ಬೇಕು, ಮುರಿಯದ ಒಡಲು ಬೇಕು. ಅದಕ್ಕೆಂದೇ ಉಕ್ಕಿನ ಮೈಗೆ ಇಂಗಾಲ ಉಣಿಸಿ, ಕೆಂಪಗೆ ಕಾದಿರುವಾಗಲೇ ಎಣ್ಣೆಗೆ ಅದ್ದುತ್ತಾರೆ. ಆಗ ಮೈಯ ಗಡಸುತನ 700 ವಿಕರ್ಸ್ ಆಸುಪಾಸಿಗೆ ಏರುತ್ತದೆ, ಒಡಲು 350ರ ಹತ್ತಿರ ಉಳಿಯುತ್ತದೆ. ಮೈಯಿಂದ ಒಳಗೆ ಹೋಗುತ್ತ ಗಡಸುತನ 550ಕ್ಕೆ ಇಳಿಯುವ ಜಾಗ ಎಷ್ಟು ಆಳದಲ್ಲಿದೆಯೋ ಅದೇ ಕೇಸ್ ಡೆಪ್ತ್.

ಅಳೆಯಲು ಹಲ್ಲನ್ನು ಅಡ್ಡ ಕತ್ತರಿಸಿ, ವಜ್ರದ ಪಿರಮಿಡ್ಡನ್ನು ಅಂಚಿನಿಂದ ಒಳಮುಖವಾಗಿ ಹೆಜ್ಜೆ ಹೆಜ್ಜೆಗೂ ಒತ್ತುತ್ತಾರೆ. ಪಿರಮಿಡ್ಡಿನ ಎದುರುಬದುರು ಮುಖಗಳ ನಡುವೆ 136 ಡಿಗ್ರಿ. ಭಾರವನ್ನು 10ರಿಂದ 15 ಸೆಕೆಂಡ್ ಹಿಡಿದು ತೆಗೆದರೆ ಚೌಕದ ಅಚ್ಚು ಉಳಿಯುತ್ತದೆ. ಕಿಲೋಗ್ರಾಂ ಭಾರವನ್ನು 1.8544ರಿಂದ ಗುಣಿಸಿ, ಮಿಲಿಮೀಟರಿನಲ್ಲಿ ಅಳೆದ ಕರ್ಣದ ವರ್ಗದಿಂದ ಭಾಗಿಸಿದರೆ ವಿಕರ್ಸ್ ಸಂಖ್ಯೆ ಸಿಗುತ್ತದೆ.

ಈಗಿನ ಯಂತ್ರ ಇದನ್ನೆಲ್ಲ ತಾನೇ ಮಾಡುತ್ತದೆ. ಮೋಟಾರು ಪೀಠ ಸರಿಯುತ್ತದೆ, ವಜ್ರ ಇಳಿಯುತ್ತದೆ, ಮಸೂರ ತಿರುಗಿ ಬಂದು ಫೋಕಸ್ ಹಿಡಿಯುತ್ತದೆ, ಕ್ಯಾಮೆರಾ ಮೂಲೆಗಳನ್ನು ಹುಡುಕುತ್ತದೆ. ಆದರೆ ಎಲ್ಲಿ ಒತ್ತಬೇಕೆಂದು ಹೇಳುವವರು ನಾವೇ. ಅರ್ಧ ಕಿಲೋ ಭಾರಕ್ಕೆ 700 ವಿಕರ್ಸ್ ಉಕ್ಕಿನಲ್ಲಿ ಕರ್ಣ ಸುಮಾರು 36 ಮೈಕ್ರಾನ್, 350ರಲ್ಲಿ 51 (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಉಕ್ಕಿನಲ್ಲಿ ಎರಡು ಅಚ್ಚುಗಳ ನಡುವೆ ಕರ್ಣದ ಮೂರು ಪಟ್ಟು, ಅಂಚಿಗೆ ಎರಡೂವರೆ ಪಟ್ಟು ಅಂತರ ಬೇಕು. ಇಲ್ಲದಿದ್ದರೆ ಒಂದು ಅಚ್ಚು ಬಿಗಿಗೊಳಿಸಿದ ಲೋಹವನ್ನೇ ಮುಂದಿನದು ಅಳೆಯುತ್ತದೆ. 0.1 ಮಿ.ಮೀ. ಹೆಜ್ಜೆಗೆ ಒಂದೇ ಸಾಲು ಸಾಲದು. ಸಾಲುಗಳನ್ನು 0.15 ಮಿ.ಮೀ. ದೂರವಿಟ್ಟು ಓರೆಕೋರೆಯಾಗಿ ಒತ್ತಬೇಕು.

ಕಂಗೆಡಿಸುವುದು ಕರ್ಣದ ತಪ್ಪು. 0.8 ಮಿ.ಮೀ. ಆಳದಲ್ಲಿ 570, 0.9ರಲ್ಲಿ 530 ಬಂದರೆ ಕೇಸ್ ಡೆಪ್ತ್ 0.85. ಯಂತ್ರ ಪ್ರತಿ ಕರ್ಣವನ್ನೂ ಒಂದೇ ಒಂದು ಮೈಕ್ರಾನ್ ಉದ್ದವಾಗಿ ಓದಿದರೆ ಸುಮಾರು 27 ವಿಕರ್ಸ್ ಕಡಿಮೆಯಾಗಿ, ಉತ್ತರ 0.78ಕ್ಕೆ ಜಾರುತ್ತದೆ. ಒಳ್ಳೆಯ ಗೇರ್ ತಿರಸ್ಕಾರಕ್ಕೆ ಗುರಿಯಾಗಲು ಅಷ್ಟು ಸಾಕು.

ಈ ಮೈಕ್ರಾನ್ ಬಹುಪಾಲು ಹುಟ್ಟುವುದು ಮಾದರಿ ಸಿದ್ಧಪಡಿಸುವಾಗ. ತಂಪುನೀರಿಲ್ಲದೆ ಕತ್ತರಿಸಿದರೆ ಮೈ ಕಾದು ಮೆತ್ತಗಾಗುತ್ತದೆ. ಮಾದರಿಯನ್ನು ಹುದುಗಿಸಿ ಹಿಡಿಯುವ ಮೌಂಟಿಂಗ್ ರಾಳ ಉಕ್ಕಿಗಿಂತ ಬೇಗ ಸವೆದರೆ ಪಾಲಿಶ್‌ನಲ್ಲಿ ಅಂಚು ದುಂಡಾಗುತ್ತದೆ, ಸೊನ್ನೆ ಎಲ್ಲಿಂದ ಶುರು ಎಂಬುದೇ ಯಂತ್ರಕ್ಕೆ ತಿಳಿಯುವುದಿಲ್ಲ. ಖನಿಜದ ಪುಡಿ ಬೆರೆತ ಗಟ್ಟಿ ರಾಳ ಬಳಸಿ. ಎಮೆರಿ ಕಾಗದದ ನಂತರ 3, ಆಮೇಲೆ 1 ಮೈಕ್ರಾನ್ ವಜ್ರದ ಪೇಸ್ಟಿನವರೆಗೆ ಪಾಲಿಶ್ ಮಾಡದಿದ್ದರೆ, ಉಳಿದ ಗೀರನ್ನೇ ಕ್ಯಾಮೆರಾ ಅಚ್ಚಿನ ಮೂಲೆಯೆಂದು ಓದುತ್ತದೆ. ಆಮ್ಲದಿಂದ ಹೆಚ್ಚು ಕೊರೆದ (ಎಚ್ ಮಾಡಿದ) ಮೈಯಲ್ಲೂ ಇದೇ ಗತಿ. ಮಾದರಿ ಓರೆಯಾಗಿ ಕೂತರೆ ಕರ್ಣದ ಒಂದು ಅರ್ಧ ಇನ್ನೊಂದಕ್ಕಿಂತ ಉದ್ದವಾಗುತ್ತದೆ. ಎರಡು ಕರ್ಣಗಳ ವ್ಯತ್ಯಾಸ 5 ಶೇಕಡಾ ಮೀರಿದ ಅಚ್ಚನ್ನು ಹಾಗೇ ಒಪ್ಪಿಕೊಳ್ಳಬಾರದು.

ಅಂದಿನ ಮೊದಲ ಮಾದರಿಗೂ ಮುನ್ನ ಗಡಸುತನ ಮೊದಲೇ ಗೊತ್ತಿರುವ ಪ್ರಮಾಣಿತ ಬ್ಲಾಕಿನ ಮೇಲೆ, ಅದೇ ಭಾರದಲ್ಲಿ ಒತ್ತಿ ನೋಡಿ. ಸಂಖ್ಯೆ ಹೊಂದದಿದ್ದರೆ ಮೊದಲು ವಜ್ರದ ತುದಿಯನ್ನು ಒರೆಸಿ. ಗ್ರಾಫ್ ಬಂದ ಮೇಲೂ ಪ್ರತಿ ಅಚ್ಚಿನ ಚಿತ್ರ ತೆರೆದು, ಯಂತ್ರ ಎಳೆದ ಗೆರೆ ಮೂಲೆಗೇ ತಾಗಿದೆಯೇ ಎಂದು ಕಣ್ಣಾರೆ ನೋಡಿ.