ಡಿಸೈನ್ ಕಂಪ್ಯೂಟರಿನದು, ಹಾಗಾದರೆ ಕೈಗೇನು ಕೆಲಸ?

ಪ್ರಶ್ನೆ: ರೋಲ್ಸ್-ರಾಯ್ಸ್‌ನಂಥ ಕಾರುಗಳ ಒಳಗಿನ ಕಲೆಯನ್ನು ‘ಕೈಕೆಲಸ’ ಅನ್ನುತ್ತಾರೆ. ಡಿಸೈನ್ ಆಗೋದು ಕಂಪ್ಯೂಟರಿನಲ್ಲಿ ತಾನೇ? ಹಾಗಿದ್ದರೆ ಇದು ಸುಮ್ನೆ ಜಾಹೀರಾತಿನ ಮಾತಾ?

ಉತ್ತರ: ಸ್ವಲ್ಪ ಜಾಹೀರಾತು ಇದೆ, ಇಲ್ಲ ಅನ್ನಲಾರೆ. ಆದರೆ ಕೈ ಇಲ್ಲದೆ ಕೆಲಸ ಮುಗಿಯೋದಿಲ್ಲ. ಯಾಕೆಂದರೆ ಸ್ಕ್ರೀನ್ ಮೇಲಿನ ಮರಕ್ಕೆ ಗಂಟು ಇರೋದಿಲ್ಲ, ಚರ್ಮಕ್ಕೆ ಗಾಯದ ಗುರುತು ಇರೋದಿಲ್ಲ. ನಿಜವಾದ ಮರ, ಚರ್ಮಕ್ಕೆ ಇವೆಲ್ಲ ಇದ್ದೇ ಇರುತ್ತವೆ.

ಚರ್ಮವನ್ನೇ ನೋಡಿ. ಮೊದಲು ಕೆಲಸಗಾರರು ಅದನ್ನು ಹರಡಿ, ಕಣ್ಣಿಟ್ಟು ನೋಡಿ, ಬೆರಳಾಡಿಸಿ ಕಲೆ, ಗೀರುಗಳನ್ನು ಗುರುತು ಮಾಡುತ್ತಾರೆ. ಆ ಜಾಗ ಬಿಟ್ಟು ಯಾವ ತುಂಡನ್ನು ಎಲ್ಲಿಂದ ತೆಗೆಯಬೇಕು ಅನ್ನೋದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಕತ್ತರಿಸೋದು ಯಂತ್ರ. 2023ರ ರೋಲ್ಸ್-ರಾಯ್ಸ್ ‘ಫ್ಯಾಂಟಮ್ ಸಿಂಟೋಪಿಯಾ’ ಕಾರಿನ ಒಳಚಾವಣಿಗೆ ಒಂದೇ ಒಂದು ಚರ್ಮ ಬೇಕಿತ್ತು. ಅದಕ್ಕಾಗಿ ನೋಡಿದ್ದು ಸಾವಿರಕ್ಕೂ ಜಾಸ್ತಿ ಚರ್ಮ!

ರೋಲ್ಸ್-ರಾಯ್ಸ್ ಕಾರುಗಳ ಒಳಚಾವಣಿಯ ಚರ್ಮದಲ್ಲಿ ನಕ್ಷತ್ರದ ಹಾಗೆ ಚಿಕ್ಕ ಚಿಕ್ಕ ಬೆಳಕು ಮಿನುಗುತ್ತವಲ್ಲ, ಅಲ್ಲೂ ಹೀಗೇ. ಸಾಮಾನ್ಯವಾಗಿ 800ರಿಂದ 1,600 ತೂತು. ಯಾವ ನಕ್ಷತ್ರ ಎಲ್ಲಿರಬೇಕು ಅನ್ನೋದು ಮೊದಲೇ ನಕ್ಷೆಯಲ್ಲಿ ಗೊತ್ತಾಗಿರುತ್ತದೆ. ಬೇಕಿದ್ದರೆ ನೀವು ಹುಟ್ಟಿದ ರಾತ್ರಿಯ ಆಕಾಶವನ್ನೇ ಹಾಕಿಸಬಹುದು. ಆದರೆ ಒಂದೊಂದು ತೂತಿಗೂ ಆಪ್ಟಿಕಲ್ ಫೈಬರ್, ಅಂದರೆ ಬೆಳಕು ಸಾಗಿಸುವ ತೆಳು ಎಳೆ, ಪೋಣಿಸೋದು ಕೈ. ಎಳೆಗಳ ಕೋನ, ಆಳ ಬೇರೆ ಬೇರೆ ಇರುತ್ತವೆ. ಎಲ್ಲ ಒಂದೇ ಥರ ಇದ್ದರೆ ಅದು ಆಕಾಶದ ಹಾಗಲ್ಲ, ಮದುವೆ ಮನೆಯ ಸೀರಿಯಲ್ ಸೆಟ್ ಹಾಗೆ ಕಾಣುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು 2023ರದ್ದೇ ಆದ ರೋಲ್ಸ್-ರಾಯ್ಸ್ ‘ಲಾ ರೋಸ್ ನ್ವಾರ್’ ಡ್ರಾಪ್‌ಟೇಲ್ ಕಾರಿನ ಮರದ ಕೆಲಸ. ವೆನೀರ್‌ನ, ಅಂದರೆ ಮರದ ತೆಳು ಹಾಳೆಯ, 1,603 ತ್ರಿಕೋನ ತುಂಡುಗಳು. ಮೈಸೂರಿನ ಬೀಟೆ ಮರದ ಇನ್ಲೇ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. 1,070 ತುಂಡು ಲೆಕ್ಕಕ್ಕೆ ಸರಿಯಾಗಿ, ಎಡಬಲ ಸಮನಾಗಿ ಕೂತಿವೆ. ಉಳಿದ 533 ಕೆಂಪು ತುಂಡುಗಳು ಉದುರಿದ ಗುಲಾಬಿ ಎಸಳಿನ ಹಾಗೆ ಅಡ್ಡಾದಿಡ್ಡಿ. ಹಾಗೆ ‘ತಾನಾಗಿ ಬಿದ್ದಂತೆ’ ಕಾಣಿಸೋದೇ ಕಷ್ಟ. ಇಲ್ಲಿ ಬೇಕಾದದ್ದು ಕಣ್ಣು. ಮಾಡಿದವರು ಒಬ್ಬರೇ. ಒಂದು ಸಲಕ್ಕೆ ಒಂದು ಗಂಟೆ, ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೂರುತ್ತಿರಲಿಲ್ಲ. ಈ ಕೆಲಸಕ್ಕೆ ಹಿಡಿದದ್ದು ಹೆಚ್ಚುಕಡಿಮೆ ಎರಡು ವರ್ಷ.

ಯಂತ್ರವೇ ಮೇಲು ಅನ್ನಿಸುವ ಜಾಗವೂ ಇದೆ. ಬೆಂಟ್ಲಿ ಕಂಪನಿಯ ಕಾಂಟಿನೆಂಟಲ್ ಜಿಟಿ ಕಾರಿನ ಸೀಟಿನ ವಜ್ರಾಕಾರದ ಹೊಲಿಗೆಯಲ್ಲಿ ಒಂದೊಂದು ವಜ್ರಕ್ಕೂ 712 ಹೊಲಿಗೆ. ಅದನ್ನು ಕೈಯಲ್ಲಿ ಮಾಡಿಸಿದರೆ ಯಾರಿಗೆ ಏನು ಲಾಭ? ಅದೇ ಕಂಪನಿಯ ಸ್ಟೀರಿಂಗ್ ಚಕ್ರಕ್ಕೆ ಮಾತ್ರ ಇವತ್ತಿಗೂ ಸೂಜಿ ಹಿಡಿದು ಕೂರುತ್ತಾರೆ. ಹೊಲಿಗೆಗಳ ನಡುವಿನ ಅಂತರ ಗುರುತು ಮಾಡಲು ಇಂಗ್ಲೆಂಡಿನ ಕ್ರೂ ಊರಿನ ಆ ಕಾರ್ಖಾನೆಯಲ್ಲಿ ಬಳಸುವ ಸಾಧನ ಯಾವುದು ಗೊತ್ತಾ? ಊಟದ ಫೋರ್ಕ್!